ಹಳೇ ಯೆಜ್ಡಿಯಲ್ಲಿ ಕರೆಂಟ್ ಬರ್ತಿಲ್ವಾ? ಕಾಯಿಲ್ ಬಿಚ್ಚುವ ಮುಂಚೆ ಇಷ್ಟು ನೋಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳಲ್ಲಿ ತೀರಾ ಕೊನೆಯದಕ್ಕೂ ಈಗ ಕಾಲು ಶತಮಾನ ದಾಟಿದೆ. ಇಷ್ಟು ವಯಸ್ಸಾದ ಗಾಡಿ ಒಂದು ದಿನ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ ಸುತ್ತ ನಿಂತವರು ಮೊದಲು ಹೇಳೋದು, 'ಕಾಯಿಲ್ ಹೋಗಿರ್ಬೇಕು' ಅಂತ. ನನ್ನ ಪ್ರಕಾರ ಪ್ಲಗ್‌ಗೆ ಹೆಚ್ಚು ವೋಲ್ಟ್ ಕೊಡುವ ಈ ಕಾಯಿಲ್ ಮೇಲೆ ಅನುಮಾನ ಪಡಬೇಕಾದ್ದು ಎಲ್ಲಕ್ಕಿಂತ ಕೊನೆಗೆ. ಪ್ಲಗ್, ಅದರ ಮೇಲಿನ ಕ್ಯಾಪ್, ಪಾಯಿಂಟ್ (ಎಂಜಿನ್ ತಿರುಗಿದಂತೆ ಮುಚ್ಚಿ ತೆರೆಯುವ ಪುಟ್ಟ ಸ್ವಿಚ್), ಅರ್ಥಿಂಗ್ (ಕರೆಂಟ್ ಗಾಡಿಯ ಮೈ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಕಂಡೆನ್ಸರ್ ಇವೆಲ್ಲ ಅಗ್ಗದ ಸಾಮಾನು, ಕೆಡೋದೂ ಇವೇ ಜಾಸ್ತಿ. ಮೊದಲು ಇವನ್ನು ನೋಡಿ ಮುಗಿಸಿ.

ಇಲ್ಲಿ ಹೇಳಿರೋದು 6 ವೋಲ್ಟ್ ಬ್ಯಾಟರಿ, ಪಾಯಿಂಟ್, ಕಂಡೆನ್ಸರ್ ಇರುವ 250 ಸಿಸಿ ಜಾವಾ, ಯೆಜ್ಡಿಗೆ. ಪಾಯಿಂಟ್ ಇರುವ ಹಳೇ ಬುಲೆಟ್‌ಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಪಾಯಿಂಟ್ ಬದಲು ಸಿ.ಡಿ.ಐ. ಅನ್ನೋ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವ ಗಾಡಿಗಳ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳಿದ್ದೇನೆ.

ಕಿಡಿ ಹೇಗೆ ಹುಟ್ಟುತ್ತದೆ ಅಂತ ಮೊದಲೇ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಪಾಯಿಂಟ್ ಮುಚ್ಚಿದಾಗ ಬ್ಯಾಟರಿಯ ಕರೆಂಟ್ ಕಾಯಿಲ್‌ನ ದಪ್ಪ ಸುತ್ತಿನಲ್ಲಿ, ಅಂದರೆ ಪ್ರೈಮರಿಯಲ್ಲಿ, ಹರಿಯುತ್ತದೆ. ಪಾಯಿಂಟ್ ತೆರೆದುಕೊಂಡ ತಕ್ಷಣ ಆ ಹರಿವು ತಟ್ಟನೆ ನಿಲ್ಲುತ್ತದೆ. ಆಗ ಸಣ್ಣ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿಯಾಗುತ್ತದೆ. ಪಾಯಿಂಟ್ ತೆರೆಯುವ ಕ್ಷಣದಲ್ಲಿ ಅಲ್ಲೇ ಕಿಡಿ ಹಾರದಂತೆ ತಡೆಯೋದು ಕಂಡೆನ್ಸರ್ ಕೆಲಸ. ಪಾಯಿಂಟ್ ಸರಿಯಾಗಿ ಮುಚ್ಚದಿದ್ದರೂ ತೊಂದರೆ, ಸರಿಯಾಗಿ ತೆರೆಯದಿದ್ದರೂ ತೊಂದರೆ.

ಕೈ ಹಾಕುವ ಮುನ್ನ

ಪ್ಲಗ್ ಬಿಚ್ಚಿ ಕಿಕ್ ಹೊಡೆದರೆ ಪ್ಲಗ್ ಇದ್ದ ತೂತಿನಿಂದ ಪೆಟ್ರೋಲ್ ಆವಿ ಪಿಚಕಾರಿ ಹೊಡೆದ ಹಾಗೆ ಹೊರಗೆ ಬರುತ್ತದೆ. ಅದರ ಪಕ್ಕದಲ್ಲೇ ಕಿಡಿ ಹಾರಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಟ್ಯಾಂಕಿನ ಕಾಕ್ ಮುಚ್ಚಿ. ತೂತಿಗೆ ಇನ್ನೊಂದು ಹಳೇ ಪ್ಲಗ್ ಹಾಕಿ ಮುಚ್ಚಿ. ಬಯಲಲ್ಲಿ ಅಥವಾ ಗಾಳಿಯಾಡುವ ಕಡೆ ಕೆಲಸ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ.

ಪ್ಲಗ್ ಕ್ಯಾಪನ್ನಾಗಲಿ ಕಾಯಿಲ್‌ನಿಂದ ಅದಕ್ಕೆ ಬರುವ ದಪ್ಪ ವೈರನ್ನಾಗಲಿ ಬರಿಗೈಯಲ್ಲಿ ಹಿಡಿಯಬೇಡಿ. ಒಣಗಿದ ಮರದ ಕಡ್ಡಿಗೆ ಕಟ್ಟಿ, ಇಲ್ಲವೇ ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ ಹಿಡಿಯಿರಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಪರೀಕ್ಷೆ ಮಾಡಲೇಬಾರದು, ಹತ್ತಿರ ನಿಲ್ಲುವುದೂ ಬೇಡ.

ಇನ್ನೊಂದು ವಿಷಯ ಬಹಳ ಜನ ಗಮನಿಸೋದಿಲ್ಲ. ಎಂಜಿನ್ ನಿಂತಿರುವಾಗ ಕೀ ಆನ್ ಮಾಡಿ ಹಾಗೇ ಬಿಟ್ಟರೆ, ಪಾಯಿಂಟ್ ಮುಚ್ಚಿದ್ದಲ್ಲಿ ಕಾಯಿಲ್‌ಗೆ ಸುಮ್ನೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಕಾಯಿಲ್ ಕಾದು ಸುಟ್ಟೇ ಹೋಗಬಹುದು. ಪರೀಕ್ಷೆ ಮಾಡುವಾಗ ಮಾತ್ರ ಆನ್, ಮುಗಿದ ಕೂಡಲೇ ಆಫ್.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಪ್ಲಗ್ ಪಾನಾ, ಫೀಲರ್ ಗೇಜ್ (ಸಣ್ಣ ಗ್ಯಾಪ್ ಅಳೆಯುವ ತಗಡುಗಳು), ಚೆನ್ನಾಗಿದೆ ಅಂತ ಖಾತ್ರಿ ಇರುವ ಒಂದು ಪ್ಲಗ್, ಎರಡು ವೈರ್ ಕಟ್ಟಿದ ಒಂದು 6 ವೋಲ್ಟ್ ಬಲ್ಬ್. ಮಲ್ಟಿಮೀಟರ್ ಇದ್ದರೆ ಒಳ್ಳೇದು.

ಮತ್ತೆ, ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಿ. ಒಟ್ಟಿಗೆ ಮೂರು ಬದಲಿಸಿ ಗಾಡಿ ಸ್ಟಾರ್ಟ್ ಆದರೆ ಕೆಟ್ಟಿದ್ದು ಯಾವುದು ಅಂತ ಗೊತ್ತಾಗಲ್ಲ. ಆ ಮೂರರಲ್ಲಿ ಒಂದು ಹೊಸ ಸಾಮಾನೇ ಕೆಟ್ಟಿದ್ದರೆ ಒಂದಿದ್ದ ದೋಷ ಎರಡಾಗುತ್ತದೆ. ಹಳೇ ಗಾಡಿಗೆ ಈಗ ಸಿಗುವ ಬಿಡಿಭಾಗಗಳಲ್ಲಿ ಇದು ನಿಜಕ್ಕೂ ಆಗುವಂಥದ್ದೇ.

ಕಿಕ್ ಹೊಡೆದರೂ ಸ್ಟಾರ್ಟ್ ಆಗಲ್ಲ: ತಪ್ಪು ಕರೆಂಟಿನದ್ದಾ, ಪೆಟ್ರೋಲಿನದ್ದಾ?

ಐದಾರು ಕಿಕ್ ಹೊಡೆದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಕಾಕ್, ಪೈಪ್, ಕಾರ್ಬುರೇಟರ್ ಕಡೆ ಹೋಗಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕಿಡಿ ಮೇಲೆ ಅನುಮಾನ ಪಡಬಹುದು. ಎಂಜಿನ್ ಓವರ್‌ಫ್ಲೋ ಆಗಿದ್ದರೂ ಪ್ಲಗ್ ಒದ್ದೆಯಾಗಿರುತ್ತದೆ. ಹಾಗಾಗಿ ಒದ್ದೆ ಪ್ಲಗ್ ಕಂಡಿದ್ದಕ್ಕೇ ತೀರ್ಮಾನಕ್ಕೆ ಬರಬೇಡಿ. ಒರೆಸಿ, ಒಣಗಿಸಿ, ಕಿಡಿ ನೋಡಿ.

ಪ್ಲಗ್‌ಗೆ ಕ್ಯಾಪ್ ಹಾಕಿ. ಅದರ ಲೋಹದ ಮೈ ಸಿಲಿಂಡರ್ ಹೆಡ್‌ನ ರೆಕ್ಕೆಗೆ ಗಟ್ಟಿಯಾಗಿ ತಾಗುವಂತೆ, ತೂತಿನಿಂದ ದೂರದಲ್ಲಿ ಇಡಿ. ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ಬಿಸಿಲಲ್ಲಿ ಕಿಡಿ ಕಾಣಿಸೋದಿಲ್ಲ, ನೆರಳಲ್ಲಿ ನೋಡಬೇಕು. ನೀಲಿ ಬಣ್ಣದ, 'ಚಟ್' ಅಂತ ಕೇಳುವ ಕಿಡಿ ಬಂದರೆ ಒಳ್ಳೆಯ ಲಕ್ಷಣ. ಕೆಂಪು ಅಥವಾ ಹಳದಿ ಬಣ್ಣದ ಎಳೆಯಂಥ ಕಿಡಿ ಬಂದರೆ ಬಲ ಸಾಲದು.

ಹೊರಗೆ ಕಿಡಿ ಬಂತು ಅಂದಮಾತ್ರಕ್ಕೆ ಒಳಗೂ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ. ಅಲ್ಲಿ ಪ್ಲಗ್ ತುದಿಯ ಅದೇ 0.6 ಮಿ.ಮೀ. ಗ್ಯಾಪ್ ದಾಟಲು ಹೊರಗಿನದಕ್ಕಿಂತ ಎಷ್ಟೋ ಪಟ್ಟು ವೋಲ್ಟ್ ಬೇಕು. ಅದಕ್ಕೇ ಇನ್ನೊಂದು ಪರೀಕ್ಷೆ ಮಾಡಿ. ಕ್ಯಾಪ್ ತೆಗೆದು ದಪ್ಪ ವೈರಿನ ತುದಿಯನ್ನು ಹೆಡ್‌ನಿಂದ 5 ಮಿ.ಮೀ. ದೂರದಲ್ಲಿ ನಿಲ್ಲಿಸಿ ಕಿಕ್ ಹೊಡೆಯಿರಿ. ಅಷ್ಟು ದೂರವನ್ನು ಕಿಡಿ ಸಲೀಸಾಗಿ ದಾಟಿದರೆ ಕಾಯಿಲ್, ಕಂಡೆನ್ಸರ್ ಎರಡೂ ಸದ್ಯಕ್ಕೆ ಸರಿಯಿವೆ. ಅಂತರ ಇನ್ನೂ ಹೆಚ್ಚಿಸಬೇಡಿ. ಕಿಡಿಗೆ ಹೊರದಾರಿ ಸಿಗದಿದ್ದರೆ ಅದು ಕಾಯಿಲ್ ಒಳಗಿನ ಇನ್ಸುಲೇಶನ್ ಸೀಳಿಕೊಂಡು ಹೋಗುತ್ತದೆ.

ವೈರಿನಲ್ಲಿ ಕಿಡಿ ಜೋರಾಗಿದೆ, ಪ್ಲಗ್‌ನಲ್ಲಿ ಇಲ್ಲ ಅಂದರೆ ದೋಷ ಇರೋದು ಕ್ಯಾಪ್‌ನಲ್ಲಿ ಅಥವಾ ಪ್ಲಗ್‌ನಲ್ಲಿ. ಕ್ಯಾಪ್ ಒಳಗೆ ಸಾಮಾನ್ಯವಾಗಿ 5,000 ಓಮ್‌ನ ರೆಸಿಸ್ಟರ್ ಇರುತ್ತದೆ. ಅದು ಒಳಗೇ ಮುರಿದಿದ್ದರೆ ಹೊರಗೆ ಏನೂ ಕಾಣಲ್ಲ. ಮೀಟರ್ ಇಟ್ಟು ನೋಡಿ, ತೀರಾ ಹೆಚ್ಚು ತೋರಿಸಿದರೆ ಬದಲಿಸಿ. ವೈರಿನ ತುದಿ ಹಸಿರುಗಟ್ಟಿದ್ದರೆ ಒಂದು ಸೆಂಟಿಮೀಟರ್ ಕತ್ತರಿಸಿ ಹೊಸ ತುದಿಗೆ ಕ್ಯಾಪ್ ತಿರುಗಿಸಿ ಹಾಕಿದರೆ ಸಾಕು. ಎಷ್ಟೋ ಗಾಡಿಗಳ ಕಾಯಿಲೆ ಇಲ್ಲಿಗೇ ಮುಗಿಯುತ್ತದೆ.

ಹೊಸ ಪ್ಲಗ್ ಹಾಕುವ ಮುನ್ನ ಹಳೆಯದರ ಪಕ್ಕ ಇಟ್ಟು ಥ್ರೆಡ್ ಉದ್ದ ನೋಡಿ. ಉದ್ದದ ಪ್ಲಗ್ ಹಾಕಿದರೆ ಪಿಸ್ಟನ್‌ಗೆ ಬಡಿಯಬಹುದು.

ಕೀ ತಿರುಗಿಸಿದರೆ ಯಾವ ದೀಪವೂ ಇಲ್ಲ

ಇದು ಸುಲಭದ ಕೇಸು. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದೆಯಾ, ಫ್ಯೂಸ್ ಹೋಗಿದೆಯಾ ನೋಡಿ. ಫ್ಯೂಸ್ ಸರಿಯಿದ್ದರೂ ಅದು ಕೂರುವ ಕ್ಲಿಪ್ ತುಕ್ಕು ಹಿಡಿದಿರಬಹುದು. ಪೂರ್ತಿ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಸುಮಾರು 6.3 ವೋಲ್ಟ್ ತೋರಿಸುತ್ತದೆ. 6ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಉಳಿದದ್ದು ಆಮೇಲೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಹಳೇ ಜಾವಾಗಳಲ್ಲಿ ಮೊಳೆಯಂಥ ಕೀ, ಹೆಡ್‌ಲೈಟ್ ಮೇಲೆ ಸ್ವಿಚ್. ಅದರೊಳಗಿನ ತಗಡುಗಳು ಸವೆದಿರುತ್ತವೆ. ಕೀಯನ್ನು ಸ್ವಲ್ಪ ಅಲ್ಲಾಡಿಸಿದಾಗ ದೀಪ ಮಿಣುಕಿದರೆ ದೋಷ ಅಲ್ಲೇ ಇದೆ.

ದೀಪ ಚೆನ್ನಾಗಿದೆ, ಕಿಡಿ ಮಾತ್ರ ಇಲ್ಲ

ಮಳೆಗಾಲ ಪೂರ್ತಿ ನಿಂತಿದ್ದ ಗಾಡಿಯಾದರೆ ನೇರ ಪಾಯಿಂಟ್‌ಗೆ ಹೋಗಿ. ಮಲೆನಾಡಲ್ಲಿ, ಕರಾವಳಿಯಲ್ಲಿ ಎರಡು ತಿಂಗಳು ಸುಮ್ಮನೆ ನಿಂತರೂ ಪಾಯಿಂಟ್ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ. ಕಣ್ಣಿಗೆ ಸ್ವಚ್ಛವಾಗಿಯೇ ಕಾಣುತ್ತದೆ, ಆದರೆ ಕರೆಂಟ್ ಹಾಯಲ್ಲ.

ಡೈನಮೊ ಕಡೆಯ ಮುಚ್ಚಳ ತೆಗೆದರೆ ಪಾಯಿಂಟ್ ಕಾಣುತ್ತದೆ. ಈಗ ಆ 6 ವೋಲ್ಟ್ ಬಲ್ಬಿನ ಒಂದು ವೈರನ್ನು ಪಾಯಿಂಟ್‌ಗೆ ಕಾಯಿಲ್‌ನಿಂದ ಬರುವ ವೈರಿನ ತುದಿಗೆ, ಇನ್ನೊಂದನ್ನು ಎಂಜಿನ್ ಮೈಗೆ ತಾಗಿಸಿ. ಕೀ ಆನ್ ಮಾಡಿ ಎಂಜಿನ್ ನಿಧಾನಕ್ಕೆ ತಿರುಗಿಸಿ.

ಪಾಯಿಂಟ್ ತೆರೆದಾಗ ಬಲ್ಬ್ ಹೊತ್ತಿ, ಮುಚ್ಚಿದಾಗ ಆರಿದರೆ ಪ್ರೈಮರಿ ದಾರಿ ಸರಿಯಿದೆ. ಬಲ್ಬ್ ಆರುವುದೇ ಇಲ್ಲ ಅಂದರೆ ಪಾಯಿಂಟ್ ಕೊಳೆಯಾಗಿದೆ ಅಥವಾ ಮುಚ್ಚುತ್ತಲೇ ಇಲ್ಲ. ಹೊತ್ತುವುದೇ ಇಲ್ಲ ಅಂದರೆ ಎರಡು ಸಾಧ್ಯತೆ. ಒಂದು, ಅಲ್ಲಿಗೆ ಕರೆಂಟೇ ಬರುತ್ತಿಲ್ಲ. ಇನ್ನೊಂದು, ಆ ವೈರ್ ಎಲ್ಲೋ ಎಂಜಿನ್ ಮೈಗೆ ತಾಗಿದೆ. ಪಾಯಿಂಟ್ ಕೂರಿಸುವಾಗ ಹಾಕುವ ಪುಟ್ಟ ಫೈಬರ್ ವಾಷರ್ ಸ್ಥಳ ತಪ್ಪಿದ್ದರೂ ಹೀಗಾಗುತ್ತದೆ. ಹೊಸ ಪಾಯಿಂಟ್ ಹಾಕಿದ ತಕ್ಷಣ ಕಿಡಿ ನಿಂತಿದ್ದರೆ ಮೊದಲು ಆ ವಾಷರ್ ನೋಡಿ. ವೈರ್, ವಾಷರ್ ಸರಿಯಿದ್ದೂ ಬಲ್ಬ್ ಹೊತ್ತದಿದ್ದರೆ ಕಂಡೆನ್ಸರ್ ವೈರ್ ಬಿಡಿಸಿ ಇದೇ ಪರೀಕ್ಷೆ ಮತ್ತೆ ಮಾಡಿ. ಈಗ ಹೊತ್ತಿದರೆ ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ.

ಹಳೇ ಬುಲೆಟ್ ಇರುವವರಿಗೆ ಬಲ್ಬೂ ಬೇಡ. ಹೆಡ್‌ಲೈಟ್ ಮೇಲಿನ ಆಂಪಿಯರ್ ಮೀಟರ್ ನೋಡಿ. ದೀಪ ಆಫ್ ಇಟ್ಟು, ಕೀ ಆನ್ ಮಾಡಿ, ಕಿಕ್ ಮೆಲ್ಲಗೆ ಒತ್ತಿದರೆ ಪಾಯಿಂಟ್ ಮುಚ್ಚಿದಾಗ ಮುಳ್ಳು ಮೈನಸ್ ಕಡೆ ವಾಲಿ, ತೆರೆದಾಗ ನಡುವಿಗೆ ಬರುತ್ತದೆ. ಮುಳ್ಳು ಅಲ್ಲಾಡದಿದ್ದರೆ ಪಾಯಿಂಟ್ ಬಿಚ್ಚಿ ನೋಡಲೇಬೇಕು.

ಪಾಯಿಂಟ್ ಶುಚಿ ಮಾಡಲು ತೀರಾ ನಯವಾದ ಉಪ್ಪುಕಾಗದದ ಚೂರನ್ನು ನಡುವೆ ಇಟ್ಟು ಎರಡು ಸಲ ಎಳೆಯಿರಿ. ಆಮೇಲೆ ಪೆಟ್ರೋಲ್ ತಾಗಿಸಿದ ದಪ್ಪ ಕಾಗದ, ಕೊನೆಗೆ ಒಣ ಕಾಗದ. ಉಪ್ಪುಕಾಗದದ ಪುಡಿ ಒಳಗೆ ಉಳಿದರೆ ಮತ್ತೆ ಕರೆಂಟ್ ಹಾಯಲ್ಲ, ಹಾಗಾಗಿ ಆ ಕೊನೆಯ ಒಣ ಕಾಗದ ಬಿಡಬೇಡಿ. ಪೆಟ್ರೋಲ್ ಆವಿ ಆರಿಹೋಗುವವರೆಗೆ ಕೀ ಆನ್ ಮಾಡಬೇಡಿ. ಗ್ಯಾಪ್ ಪೂರ್ತಿ ತೆರೆದ ಜಾಗದಲ್ಲಿ 0.4 ಮಿ.ಮೀ. ಇಡಿ. ಗೇಜ್ ಎಳೆಯುವಾಗ ಲೈಟಾಗಿ ಹಿಡಿತ ಸಿಗಬೇಕು. ಕ್ಯಾಮ್‌ಗೆ (ಪಾಯಿಂಟ್ ತೆರೆಸುವ ಉಬ್ಬಿಗೆ) ಉಜ್ಜುವ ಭಾಗಕ್ಕೆ ಒಂದು ಚೂರು ಗ್ರೀಸ್ ಸಾಕು. ಜಾಸ್ತಿಯಾದರೆ ಸಿಡಿದು ಪಾಯಿಂಟ್ ಮೇಲೇ ಬೀಳುತ್ತದೆ.

ಪೇಂಟ್ ಮಾಡಿಸಿ ತಂದ ಮೇಲೆ ಶುರುವಾದ ತೊಂದರೆ

ಯೆಜ್ಡಿ ರಿಸ್ಟೋರ್ ಮಾಡಿಸುವವರು ಈಗ ಬಹಳ. ಈ ದೋಷವೂ ಅಷ್ಟೇ ಸಾಮಾನ್ಯ. ಫ್ರೇಮ್‌ಗೆ ಪೌಡರ್ ಕೋಟಿಂಗ್ ಮಾಡಿಸಿದರೆ ನೋಡಲು ಚೆಂದ, ಆದರೆ ಆ ಪದರದ ಮೂಲಕ ಕರೆಂಟ್ ಹಾಯಲ್ಲ. ಬ್ಯಾಟರಿಯ ಅರ್ಥಿಂಗ್ ವೈರ್ ಕೂರುವ ಜಾಗ, ಎಂಜಿನ್ ಬೋಲ್ಟ್ ಕೂರುವ ಜಾಗ ಎಲ್ಲ ಪೇಂಟ್ ಅಡಿ ಸೇರಿಹೋಗಿರುತ್ತವೆ.

ಪರಿಚಯದವರೊಬ್ಬರ ಗಾಡಿಗೆ ಹೀಗೇ ಆಗಿತ್ತು. ಒಂದು ಗ್ಯಾರೇಜಿನಲ್ಲಿ ಬ್ಯಾಟರಿ, ಕಾಯಿಲ್, ಪೂರ್ತಿ ವೈರಿಂಗ್ ಎಲ್ಲ ಹೊಸದು ಹಾಕಿಸಿದ್ದರು. ಗಾಡಿ ಒಮ್ಮೆ ಸ್ಟಾರ್ಟ್ ಆದರೆ ಇನ್ನೊಮ್ಮೆ ಆಗುತ್ತಿರಲಿಲ್ಲ. ಅರ್ಥಿಂಗ್ ಬೋಲ್ಟ್ ಬಿಚ್ಚಿದಾಗ ವಾಷರಿನ ಅಡಿ ಹೊಳೆಯುವ ಕಪ್ಪು ಬಣ್ಣ ಹಾಗೇ ಇತ್ತು. ಥ್ರೆಡ್ ಎಲ್ಲೋ ಒಂದು ಕಡೆ ಫ್ರೇಮ್‌ಗೆ ತಾಗಿದಾಗಷ್ಟೇ ಗಾಡಿ ಓಡುತ್ತಿತ್ತು. ರೂಪಾಯಿ ಅಗಲದ ಜಾಗ ಕೆರೆದು ಲೋಹ ಕಾಣಿಸಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದ್ದೇ ಮದ್ದಾಯಿತು.

ಮೀಟರ್ ಇದ್ದರೆ ಇದನ್ನು ಬಿಚ್ಚದೆಯೇ ಹಿಡಿಯಬಹುದು. ಪಾಯಿಂಟ್ ಮುಚ್ಚಿರಲಿ, ಕೀ ಆನ್ ಇರಲಿ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ಅರ್ಥಿಂಗ್ ಟರ್ಮಿನಲ್‌ಗೆ, ಇನ್ನೊಂದು ಸಿಲಿಂಡರ್ ಹೆಡ್‌ಗೆ. ಹೆಚ್ಚುಕಮ್ಮಿ ಸೊನ್ನೆ ತೋರಿಸಬೇಕು. ಅರ್ಧ ವೋಲ್ಟ್ ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. 12 ವೋಲ್ಟ್ ಗಾಡಿ ಅರ್ಧ ವೋಲ್ಟ್ ನಷ್ಟವನ್ನು ಹೇಗೋ ತಡೆದುಕೊಳ್ಳುತ್ತದೆ. 6 ವೋಲ್ಟ್ ಗಾಡಿಗೆ ಅಷ್ಟು ಹೋದರೂ ಕಿಡಿ ಮಂಕಾಗುತ್ತದೆ.

ತಣ್ಣಗಿದ್ದಾಗ ಓಡುತ್ತೆ, ಕಾದ ಮೇಲೆ ನಿಲ್ಲುತ್ತೆ

ಜನರನ್ನು ಎಲ್ಲಕ್ಕಿಂತ ಜಾಸ್ತಿ ಗೋಳಾಡಿಸುವ ದೋಷ ಇದು. ಬೆಳಿಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್. ಚಾಮುಂಡಿ ಬೆಟ್ಟ ಅರ್ಧ ಹತ್ತುವಷ್ಟರಲ್ಲಿ ಪಟಪಟ ಅಂತ ಮಿಸ್ ಹೊಡೆದು ಆಫ್. ಸ್ವಲ್ಪ ಹೊತ್ತು ನೆರಳಲ್ಲಿ ನಿಲ್ಲಿಸಿದರೆ ಮತ್ತೆ ಏನೂ ಆಗದ ಹಾಗೆ ಸ್ಟಾರ್ಟ್. ಗ್ಯಾರೇಜಿಗೆ ತರುವಷ್ಟರಲ್ಲಿ ಗಾಡಿ ತಣ್ಣಗಾಗಿರುತ್ತದೆ, ಮೆಕ್ಯಾನಿಕ್‌ಗೆ ಏನೂ ಸಿಗಲ್ಲ.

ಇದಕ್ಕೆ ಪರೀಕ್ಷೆ ನಡೆಯಬೇಕಾದ್ದು ಗಾಡಿ ನಿಂತ ಜಾಗದಲ್ಲೇ, ನಿಂತ ತಕ್ಷಣ. ಪ್ಲಗ್ ಪಾನಾ, ಒಂದು ಸ್ಪೇರ್ ಪ್ಲಗ್, ದಪ್ಪ ಬಟ್ಟೆ ಜೇಬಲ್ಲಿರಲಿ. ಗಾಡಿಯನ್ನು ರಸ್ತೆಯಿಂದ ಪಕ್ಕಕ್ಕೆ ತಳ್ಳಿ ಸ್ಟ್ಯಾಂಡ್ ಹಾಕಿ. ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ. 'ಉಸ್' ಅಂತ ಗಾಳಿ ಒಳಗೆಳೆದುಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿಕೊಂಡಿದೆ, ಕರೆಂಟಿನ ತಪ್ಪಲ್ಲ. ಶಬ್ದ ಬರದಿದ್ದರೆ ಮುಚ್ಚಳ ಮತ್ತೆ ಬಿಗಿ ಮಾಡಿ ಪ್ಲಗ್ ಬಿಚ್ಚಿ. ಬಿಸಿ ಇರುತ್ತದೆ, ಬಟ್ಟೆ ಹಿಡಿದು ಬಿಚ್ಚಿ. ಬಿಸಿ ಎಂಜಿನ್ನಿನಲ್ಲಿ ಪೆಟ್ರೋಲ್ ಆವಿ ಇನ್ನೂ ಜಾಸ್ತಿ. ಆದ್ದರಿಂದ ಬಿಚ್ಚಿದ ಪ್ಲಗನ್ನೇ ತೂತಿಗೆ ಮತ್ತೆ ಹಾಕಿ ಮುಚ್ಚಿ, ಸ್ಪೇರ್ ಪ್ಲಗನ್ನು ತೂತಿನಿಂದ ಆದಷ್ಟು ದೂರದಲ್ಲಿ ಹೆಡ್‌ಗೆ ತಾಗಿಸಿಟ್ಟು ಕಿಡಿ ನೋಡಿ.

ಕಿಡಿ ಇಲ್ಲ ಅಥವಾ ಕೆಂಪಾಗಿದೆ ಅಂದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಅದು ಇರೋದು ಪಾಯಿಂಟ್ ಪ್ಲೇಟ್ ಮೇಲೆ, ಎಂಜಿನ್ ಬಿಸಿಯಲ್ಲೇ. ಮುಚ್ಚಳ ತೆಗೆದು ಮಬ್ಬು ಬೆಳಕಲ್ಲಿ ಕಿಕ್ ಹೊಡೆದು ಪಾಯಿಂಟ್ ನೋಡಿ. ಸಣ್ಣ ಚುಕ್ಕಿಯಂಥ ಕಿಡಿ ಕಂಡರೆ ಪರವಾಗಿಲ್ಲ. ದಪ್ಪಗೆ, ಹಳದಿಯಾಗಿ ಉರಿದಂತೆ ಕಂಡರೆ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ. ಪಾಯಿಂಟ್ ಮುಖ ಬೇಗಬೇಗ ಕಪ್ಪಾಗಿ ಸುಡುವುದೂ ಇದರದೇ ಗುರುತು.

ಹೊಸ ಕಂಡೆನ್ಸರ್ ಹಾಕಿದ ಮೇಲೂ ಹಳೆಯದನ್ನು ಬಿಸಾಡಬೇಡಿ. ಹೊಸದು ಬಿಸಿಯಲ್ಲಿ ಎರಡು ದಿನ ಓಡಿ ತೋರಿಸಲಿ. ಕೆಲವರು ಕಂಡೆನ್ಸರನ್ನು ಎಂಜಿನ್ನಿಂದ ಹೊರಗೆ ತಂದು ಕಾಯಿಲ್ ಹತ್ತಿರ ಕೂರಿಸುತ್ತಾರೆ. ಒಳ್ಳೆಯ ಉಪಾಯ, ನಾನೂ ಇದನ್ನೇ ಹೇಳೋದು. ಅದರ ಮೈಗೆ ಅರ್ಥಿಂಗ್ ಚೆನ್ನಾಗಿ ಸಿಗಬೇಕು, ವೈರ್ ಪಾಯಿಂಟ್ ವೈರಿಗೇ ಸೇರಬೇಕು, ಅಷ್ಟೇ.

ಕಂಡೆನ್ಸರ್ ಬದಲಿಸಿದರೂ ಹಾಗೇ ಇದ್ದರೆ ಈಗ ಕಾಯಿಲ್ ಸರದಿ. 6 ವೋಲ್ಟ್ ಕಾಯಿಲ್‌ನ ಪ್ರೈಮರಿ ಸಾಮಾನ್ಯವಾಗಿ 1ರಿಂದ 2 ಓಮ್, ಇನ್ನೊಂದು ಸುತ್ತು ಕೆಲವು ಸಾವಿರ ಓಮ್. ತಣ್ಣಗಿರುವಾಗ ಮೀಟರ್ ಸರಿ ತೋರಿಸಿದರೂ ಕಾದಾಗ ಒಳಗಿನ ತಂತಿ ಬಿಟ್ಟುಕೊಳ್ಳಬಹುದು. ಆದ್ದರಿಂದ ಕಾದಾಗಲೇ ಅಳೆಯಿರಿ. ಅದಕ್ಕಿಂತ ನಂಬಿಕಸ್ಥ ದಾರಿ ಅಂದರೆ ಸ್ನೇಹಿತರ ಗಾಡಿಯ ಚೆನ್ನಾಗಿರುವ ಕಾಯಿಲ್ ಹಾಕಿ ಅದೇ ಬೆಟ್ಟ ಹತ್ತಿಸಿ ನೋಡೋದು.

ಓಡುವಾಗ ಮಿಸ್ ಹೊಡೆಯುತ್ತೆ

ಯಾವಾಗ ಮಿಸ್ ಹೊಡೆಯುತ್ತದೆ ಅನ್ನೋದೇ ಮುಖ್ಯ. ಮಳೆಯಲ್ಲಿ ಮಾತ್ರ ಅಂದರೆ ಕ್ಯಾಪ್ ಅಥವಾ ದಪ್ಪ ವೈರಿನಿಂದ ಕರೆಂಟ್ ಸೋರುತ್ತಿದೆ. ರಾತ್ರಿ ದೀಪವಿಲ್ಲದ ಜಾಗದಲ್ಲಿ ಸ್ಟಾರ್ಟ್ ಮಾಡಿ ವೈರ್ ಉದ್ದಕ್ಕೂ ನೋಡಿ. ಮುಟ್ಟಬೇಡಿ. ನೀಲಿ ಎಳೆ ಹರಿದಾಡಿದ ಕಡೆ ಸೀಳಿದೆ.

ಹೆಡ್‌ಲೈಟ್ ಹಾಕಿದಾಗ ಮಾತ್ರ ಅಂದರೆ ಬ್ಯಾಟರಿ ಸೋತಿದೆ ಅಥವಾ ಡೈನಮೊ ಚಾರ್ಜ್ ಮಾಡುತ್ತಿಲ್ಲ. ಡೈನಮೊ ಕಾರ್ಬನ್ ಬ್ರಷ್ ಸವೆದಿದೆಯಾ ನೋಡಿಸಿ. ಜೋರಾಗಿ ಎಳೆಸುವಾಗ ಅಂದರೆ ಪ್ಲಗ್ ಗ್ಯಾಪ್ ದೊಡ್ಡದಾಗಿದೆ ಅಥವಾ ಪಾಯಿಂಟ್ ಸ್ಪ್ರಿಂಗ್ ಸಡಿಲವಾಗಿದೆ.

ಪ್ಲಗ್ ಪದೇಪದೇ ಕಪ್ಪು ಎಣ್ಣೆ ಹಿಡಿದರೆ ಪೆಟ್ರೋಲಿಗೆ ಹಾಕುವ ಎಣ್ಣೆಯ ಅಳತೆ ನೋಡಿ. 1:25 ಅಂದರೆ ಲೀಟರಿಗೆ 40 ಎಂ.ಎಲ್. ಕಣ್ಣಂದಾಜಲ್ಲಿ ಸುರಿಯಬೇಡಿ. ನಿಮ್ಮ ಮಾಡೆಲ್‌ಗೆ ಹೇಳಿದ ಅಳತೆಗಿಂತ ಕಡಿಮೆ ಮಾಡಲೂ ಬೇಡಿ, ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಕಿಕ್ ತಿರುಗಿ ಹೊಡೆಯುತ್ತೆ

ಇದು ಕಾಲಿಗೆ ಅಪಾಯ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಮುಂದೆ ಹೋಗಿ ಕಿಡಿ ಬೇಗ ಹಾರಿದಾಗ ಹೀಗಾಗುತ್ತದೆ. ಟೂ ಸ್ಟ್ರೋಕ್ ಎಂಜಿನ್ ಒಮ್ಮೊಮ್ಮೆ ಉಲ್ಟಾ ತಿರುಗಿಯೂ ಓಡುತ್ತದೆ. ಆಗ ಗೇರ್ ಹಾಕಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ತಕ್ಷಣ ಆಫ್ ಮಾಡಿ. ಪಾಯಿಂಟ್ ಗ್ಯಾಪ್ ಜಾಸ್ತಿ ಮಾಡಿದರೆ ಟೈಮಿಂಗ್ ಮುಂದೆ ಹೋಗುತ್ತದೆ, ಕಮ್ಮಿ ಮಾಡಿದರೆ ಹಿಂದೆ. ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್.

ಇಲ್ಲಿಗೆ ನಿಲ್ಲಿಸಿ, ಗೊತ್ತಿರುವವರ ಹತ್ತಿರ ಹೋಗಿ

ಗ್ಯಾಪ್ 0.4 ಇಟ್ಟ ಮೇಲೆ ಕ್ಯಾಮ್ ಇರುವ ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಗ್ಯಾಪ್ ಬದಲಾದರೆ ಕ್ರ್ಯಾಂಕ್ ಬೇರಿಂಗ್ ಸವೆದಿದೆ. ಎಷ್ಟು ಪಾಯಿಂಟ್ ಹಾಕಿದರೂ ನಿಲ್ಲಲ್ಲ, ಎಂಜಿನ್ ಬಿಚ್ಚಲೇಬೇಕು. ವೈರ್ ಸುಟ್ಟ ವಾಸನೆ ಬಂದರೆ, ಫ್ಯೂಸ್ ಹಾಕಿದ ಹಾಗೆಲ್ಲ ಹೋಗುತ್ತಿದ್ದರೆ ಬ್ಯಾಟರಿಯ ಅರ್ಥಿಂಗ್ ವೈರ್ ಮೊದಲು ಬಿಚ್ಚಿ, ಆಮೇಲೆ ಎಲೆಕ್ಟ್ರೀಷಿಯನ್ ಹತ್ತಿರ ಹೋಗಿ. ಫ್ಯೂಸ್ ಜಾಗಕ್ಕೆ ತಂತಿ ಸುತ್ತಬೇಡಿ.

ಸಿ.ಡಿ.ಐ. ಇರುವ ಗಾಡಿಯಲ್ಲಿ, ಉದಾಹರಣೆಗೆ ಆರ್‌ಎಕ್ಸ್ 100ರಲ್ಲಿ, ಪಾಯಿಂಟೂ ಇಲ್ಲ, ಅದರ ಕಂಡೆನ್ಸರೂ ಇಲ್ಲ. ಪ್ಲಗ್, ಕ್ಯಾಪ್, ಅರ್ಥಿಂಗ್ ನೋಡಿ, ಕೀ ಸ್ವಿಚ್ಚಿನಿಂದ ಸಿ.ಡಿ.ಐ.ಗೆ ಬರುವ ಆಫ್ ವೈರ್ ಬಿಡಿಸಿ ಕಿಡಿ ಪರೀಕ್ಷಿಸಿ. ಬಿಡಿಸಿದಾಗ ಕಿಡಿ ಬಂದರೆ ತಪ್ಪು ಸ್ವಿಚ್ಚಿನದು. ಆ ವೈರ್ ಬಿಟ್ಟಿರುವಾಗ ಕೀ ತಿರುಗಿಸಿದರೆ ಎಂಜಿನ್ ಆಫ್ ಆಗಲ್ಲ, ನೆನಪಿರಲಿ. ಆಗಲೂ ಕಿಡಿ ಬರದಿದ್ದರೆ ಮ್ಯಾಗ್ನೆಟ್ ಕಾಯಿಲ್ ಮತ್ತು ಸಿ.ಡಿ.ಐ. ಪರೀಕ್ಷೆಗೆ ಗ್ಯಾರೇಜೇ ಸರಿ.

ಮೆಕ್ಯಾನಿಕ್ ಹತ್ತಿರ ಹೋದಾಗ 'ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಣ್ಣ' ಅಂತಷ್ಟೇ ಹೇಳಬೇಡಿ. ಕಾದಾಗ ನಿಂತಿತಾ, ತಣ್ಣಗಿದ್ದಾಗಲೇ ನಿಂತಿತಾ, ಕಿಡಿಯ ಬಣ್ಣ ಏನಿತ್ತು, ಪ್ಲಗ್ ಒದ್ದೆಯಿತ್ತಾ, ಈಗಾಗಲೇ ಏನೇನು ಬದಲಿಸಿದ್ದೀರಿ, ಇಷ್ಟನ್ನೂ ಹೇಳಿ. ತೆಗೆದಿಟ್ಟ ಹಳೇ ಪಾಯಿಂಟ್, ಕಂಡೆನ್ಸರ್, ಪ್ಲಗ್ ಮೂರನ್ನೂ ಒಂದು ಕವರಲ್ಲಿ ಹಾಕಿಕೊಂಡು ಹೋಗಿ ತೋರಿಸಿ.